ನೀಲಿ ಸೀರೆಯ ಎಳೆ

ಅಜ್ಜಿ,

ಕನ್ನಡಕ ಹಾಕಿಕೊಂಡು ಓದು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಇವತ್ತು ನಮ್ಮ ಬೀದಿಗೆ ಬರುತ್ತಾಳೆ. ನನ್ನ ಬಟ್ಟೆಗಳ ಗಂಟು ಬಾಗಿಲ ಹಿಂದಿದೆ, ಹಾಗೇ ಕೊಟ್ಟುಬಿಡು. ಬಿಚ್ಚಬೇಡ. "ಇದು ಎಷ್ಟ್ ಚೆನ್ನಾಗೈತಲ್ಲೇ" ಅಂತ ಒಂದೊಂದೇ ವಾಪಸ್ ಮಡಿಸಿಡುತ್ತೀಯ. ಆಮೇಲೆ ಬೀರು ಬಾಗಿಲು ಮುಚ್ಚುವುದಿಲ್ಲ, ಅಮ್ಮ ಬೈಯುವುದು ನನ್ನನ್ನು.

ತೊಟ್ಟವರ ಅದೃಷ್ಟ ಬಟ್ಟೆಯ ಜೊತೆ ಹೋಗಬಾರದು ಅಂತ ನೀನು ಹೇಳಿದ ಹಾಗೆ ಪ್ರತಿಯೊಂದರಿಂದಲೂ ಒಂದು ಎಳೆ ಕಿತ್ತಿಟ್ಟುಕೊಂಡಿದ್ದೇನೆ. ನವಿಲು ಬಣ್ಣದ ಲಂಗದ ಸರದಿ ಬಂದಾಗ ಅಳು ಬಂತು. ಅದನ್ನು ಹಾಕಿಕೊಂಡಾಗೆಲ್ಲ ನಿನ್ನ ಕತೆಯ ರಾಜಕುಮಾರಿ ನಾನೇ ಆಗಿರುತ್ತಿದ್ದೆ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.

ಎಷ್ಟು ಕೊಟ್ಟರೂ ಪಾತ್ರೆಯವಳು "ಇನ್ನೊಂದ್ ಸೀರೆ ಸೇರ್ಸಮ್ಮ, ಗಿಟ್ಟಲ್ಲ" ಅನ್ನುತ್ತಾಳೆ. ನೀನು ಕರಗಿ ಬೀರುವಿನ ಕಡೆ ಹೋಗುತ್ತೀಯ. ಅಲ್ಲಿ ನೀಲಿ ಸೀರೆ ಇದೆ. ಇಬ್ಬರೂ ಸಮುದ್ರ ನೋಡುವ ದಿನ ನಾನು ಉಡಬೇಕು ಅಂತ ನೀನೇ ಆರಿಸಿದ್ದು. ಏಳು ಸಮುದ್ರದಾಚೆಯ ಕತೆ ಹೇಳಿ ನನ್ನನ್ನು ಬೆಳೆಸಿದವಳು ಇನ್ನೂ ಒಂದು ಸಮುದ್ರವನ್ನೂ ನೋಡಿಲ್ಲ. ಮೊನ್ನೆ ಕೇಳಿದರೆ "ಮಂಡಿ ನೋವು ಕಣೇ, ಗೆಳತೀರ ಜತೆ ನೀನೇ ಓಗ್ಬಾ" ಅಂದುಬಿಟ್ಟೆ. ಯಶವಂತಪುರದಲ್ಲಿ ಮಂಗಳೂರು ರೈಲು ಹತ್ತಿದರೆ ಆಯಿತು, ದಾರಿಯುದ್ದಕ್ಕೂ ನಿನ್ನ ಕಾಲು ನನ್ನ ತೊಡೆಯ ಮೇಲಿರಲಿ. ಒತ್ತುತ್ತೇನೆ.

ನೀನಿಲ್ಲದೆ ನಾನು ಹೋಗುವುದಿಲ್ಲ. ನೀನು ಬರುವುದೇ ಇಲ್ಲ ಅಂತಾದರೆ ಆ ಸೀರೆಯನ್ನೂ ಪಾತ್ರೆಯವಳಿಗೆ ಕೊಟ್ಟುಬಿಡು.

ಆದರೆ ಎಳೆ ನೀನೇ ಕೀಳಬೇಕು. ನನಗೆ ಕೈ ಬರಲಿಲ್ಲ.

ನಯನಾ