ಬ್ರಿಜ್‌ಶೆನ್ ವಂಶದ ಮಹಾಸಭೆಗೆ

ನೆವೇರ್, ಮಾರ್ಚ್ ೯

ಬ್ರಿಜ್‌ಶೆನ್ ವಂಶದ ಮಹನೀಯರೇ, ಗತಿಸಿದ ಹಿರಿಯರೇ, ಮುಂದೆ ಹುಟ್ಟಬೇಕಾದ ವೀರರೇ,

ಅಪ್ಪ, ಸಭೆಗೆ ಹಾಜರಾಗಿರುವವರು ನೀವು ಮತ್ತು ನಾನು ಮಾತ್ರ. ಫ್ರಾನ್ಸಿಗೆಲ್ಲ ಈ ಹೆಸರಿನವರು ಉಳಿದಿರುವುದೇ ಇಬ್ಬರು ಎಂದು ಪ್ರತಿ ಭಾನುವಾರ ಕೋಳಿ ಕತ್ತರಿಸುತ್ತಾ ನೀವು ಹೇಳುತ್ತಿದ್ದಿರಿ. ಬ್ರಿಜ್‌ಶೆನ್ ಎಂದರೆ ಓಕ್ ಮರ ಮುರಿದವನು. ನಮ್ಮ ಮೂಲಪುರುಷ ಬರಿಗೈಯಲ್ಲೇ ಮುರಿದನಂತೆ. ಆಮೇಲೆ ಅಮ್ಮನ ಕಡೆ ತಿರುಗಿ, “ಹೆತ್ತಿದ್ದು ಹೆಣ್ಣು, ಹೆಸರಿಗೆ ಮಣ್ಣು” ಎಂದು ನಗುತ್ತಿದ್ದಿರಿ. ಅಮ್ಮ ಸಾಯುವ ವರ್ಷವೂ ತೊಡೆಯ ತುಂಡನ್ನು ನಿಮ್ಮ ತಟ್ಟೆಗೇ ಹಾಕಿದಳು.

ಈಗ ಮಗುವಿಗೆ ತಾಯಿಯ ಮನೆತನದ ಹೆಸರನ್ನೂ ಇಡಬಹುದು ಎಂದು ತಿಳಿದ ಮೇಲೆ ನಿಮಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ದಿನಾ ಫೋನು. “ಮಾರ್ತಾಂ ಅಂತ ಇಡ್ಬೇಡ ಕಣೇ, ಸಂತೇಲಿ ಕೂಗಿದ್ರೆ ಹತ್ತು ಜನ ತಿರುಗ್ತಾರೆ” ಎಂದು ನನ್ನ ಗಂಡ ಲ್ಯುಕ್‌ನ ಮನೆತನದ ಹೆಸರನ್ನು ಆಡಿಕೊಂಡಿರಿ. ಪಾಪ, ಅವನು ನಿಮ್ಮ ಹೆಸರಿಗೆ ಒಪ್ಪಿಯೇ ಬಿಟ್ಟಿದ್ದ.

ಹೆರಿಗೆಯ ಮರುದಿನ ನಾನು ಹೆಣ್ಣು ಎಂದೆ. “ಹೆಣ್ಣಾ? ಹಾಗಾದ್ರೆ ನಿನ್ ಗಂಡನ ಹೆಸರೇ ಇರ್ಲಿ ಬಿಡು” ಎಂದು ಫೋನ್ ಇಟ್ಟಿರಿ. ಮಗು ಹೇಗಿದೆ ಎಂದು ಕೇಳಲಿಲ್ಲ. ಲ್ಯುಕ್ ಅದೇ ಮಧ್ಯಾಹ್ನ ಪುರಸಭೆಗೆ ಹೋಗಿ ಮಾರ್ತಾಂ ಎಂದೇ ಬರೆಸಿ ಬಂದ.

ನಾಮಕರಣಕ್ಕೆಂದು ಕೊಂಡ ಬೆಳ್ಳಿ ಲೋಟದ ಮೇಲೆ ಬ್ರಿಜ್‌ಶೆನ್ ಎಂದು ಕೆತ್ತಿಸಿದ್ದರೆ ಅಳಿಸಬೇಡಿ, ಅದರಲ್ಲಿ ನೀವೇ ನೀರು ಕುಡಿದು ಮಾತ್ರೆ ನುಂಗಿ. ಅಮ್ಮನ ಉಣ್ಣೆ ಶಾಲು ಮಾತ್ರ ಅಂಚೆಯಲ್ಲಿ ಕಳಿಸಿ, ಇಲ್ಲಿ ಇನ್ನೂ ಚಳಿ.

ಭಾಷಣ ಸಾಕು. ಅಪ್ಪ, ಫೋನಿನಲ್ಲಿ ನಾನು ಸುಳ್ಳು ಹೇಳಿದ್ದೆ. ಹುಟ್ಟಿದ್ದು ಗಂಡು.

ನಿಮ್ಮ ಮಗಳು,
ಸೊಲೆನ್