ಗುರುಗಳ ಚೀಲ

ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 6.30

ಬ್ಯಾಗ್‌ಪೈಪಿನ ಚರ್ಮದ ಚೀಲಕ್ಕೆ ಬಿಸಿನೀರು, ಎರಡು ಚಮಚ ಜೇನು ಹಾಕಿ ಉಜ್ಜಿದೆ. ಟೆರೇಸಿನಲ್ಲಿ ಅಭ್ಯಾಸ. ಮೂರನೇ ಟ್ಯೂನಿಗೇ ಕೆಮ್ಮು. ಕೂತುಬಿಟ್ಟೆ. ಆರ್ಮಿ ಬ್ಯಾಂಡಿನಲ್ಲಿ ಗಂಟೆಗಟ್ಟಲೆ ಬ್ಯಾಗ್‌ಪೈಪ್ ಊದಿದ ಸಿದ್ಧಲಿಂಗೇಶ ಇವನೇನಾ? ನಾಚಿಕೆಯಾಯಿತು.

ಪೈಪ್ ನನ್ನ ಗುರುಗಳದು. ಹಲಸೂರಿನ ಮುನಿನಾರಾಯಣಪ್ಪನವರು. ಸಾಯುವ ವರ್ಷ ಕೈಗಿಟ್ಟು ಹೇಳಿದ್ದರು: "ಚರ್ಮ ಒಣಗಿಸ್ಬೇಡ ಕಣಯ್ಯಾ. ಬಿರುಕು ಬಿಟ್ರೆ ಪೈಪ್ ಸತ್ತೋಯ್ತದೆ." ಹನ್ನೊಂದು ವರ್ಷ ಒಣಗಲು ಬಿಟ್ಟಿಲ್ಲ. ಊದಿದ ಕೂಡಲೇ ಪೆಟ್ಟಿಗೆಗೆ ಹಾಕಿ ಮುಚ್ಚುವುದು. ಹೆಂಡತಿಗಿಂತ ಅದೇ ಹೆಚ್ಚು ಎನ್ನುತ್ತಾಳೆ ಆಶಾರಾಣಿ. ಇರಬಹುದು.

ಅಕ್ಟೋಬರ್ 9

ನವೆಂಬರ್ 30ಕ್ಕೆ ರಿಚರ್ಡ್ಸ್ ಟೌನಿನಲ್ಲಿ ಸ್ಕಾಟಿಷ್ ಹಬ್ಬ. ಹೈಲ್ಯಾಂಡ್ ಡ್ಯಾನ್ಸಿಗೆ ನಮ್ಮದೇ ಪೈಪ್, ನಮ್ಮದೇ ಡ್ರಮ್. ಡ್ರಮ್ಮಿನ ಜಿಯಾವುಲ್ಲಾ ಖುಷಿಯಲ್ಲಿ ಬಂದ. ನನ್ನ ಕೆಮ್ಮು ಕೇಳಿ ಡ್ರಮ್ ಕೆಳಗಿಟ್ಟ.

"ಭಾಯ್, ಈ ಸಲ ಅಂಜಲಿ ಊದ್ಲಿ. ನಿಮ್ ಮಗಳೇ ಅಲ್ವಾ?"

ಹೊಟ್ಟೆ ಉರಿಯಿತು, ಸುಳ್ಳೇಕೆ.

ಅಕ್ಟೋಬರ್ 13

ಅಂಜಲಿಗೆ ಪೈಪ್ ಕೊಟ್ಟೆ. ಬಾಯಿಟ್ಟವಳೇ ಮುಖ ಕಿವುಚಿದಳು.

"ಅಪ್ಪಾ, ಏನೋ ವಾಸನೆ. ಹೊಸ ಚೀಲ ಹಾಕ್ಸೋಣ್ವಾ? ಈಗ ಬಟ್ಟೇದು ಬರುತ್ತೆ, ತೊಳೀಬಹುದು."

ಬೈದೆ. "ಗುರುಗಳ ಉಸಿರಿದೆ ಇದರೊಳಗೆ. ತೊಳೆಯೋದಂತೆ!"

ಮತ್ತೆ ಆ ಮಾತು ಎತ್ತಲಿಲ್ಲ.

ನವೆಂಬರ್ 5

ಬಾಗಲಕೋಟೆಯಲ್ಲಿ ಅಕ್ಕನ ಮನೆ, ಹದಿನೆಂಟು ದಿನ. ಒಂದು ದಿನವೂ ಕೆಮ್ಮಿಲ್ಲ! ಎಲ್ಲ ಈ ಬೆಂಗಳೂರಿನ ಧೂಳು. ನಿನ್ನೆ ಬಂದೆ. ಇವತ್ತು ಅರ್ಧ ಗಂಟೆ ಊದಿ ತೋರಿಸಿದೆ — ಸಂಜೆಗೆ ಮತ್ತೆ ಶುರು.

ಅಂಜಲಿ ದಿನವೂ ಎರಡು ಗಂಟೆ ಊದುತ್ತಿದ್ದಾಳಂತೆ. ಕೈ ಕುದುರಿದೆ. ಸಂಜೆಯಾದರೆ ಅವಳ ಮೈ ಬೆಚ್ಚಗಿರುತ್ತದೆ ಎಂದಳು ಆಶಾರಾಣಿ. ಹವಾ ಬದಲಾಗಿದೆಯಲ್ಲ.

ನವೆಂಬರ್ 30. ಮಧ್ಯಾಹ್ನ

ಎಂಥ ಊದಿದಳು! ನೆಲಕ್ಕೆ ಅಡ್ಡಡ್ಡ ಇಟ್ಟ ಕತ್ತಿಗಳ ಮೇಲೆ ಕುಣಿಯುವ ಹುಡುಗಿಯರ ಒಂದು ಹೆಜ್ಜೆಯೂ ತಪ್ಪಲಿಲ್ಲ. ಜನ ಎದ್ದು ನಿಂತರು. ಜಿಯಾವುಲ್ಲಾ ಕಣ್ಣೊರೆಸಿಕೊಂಡ. ನಾನೂ.

ಬೆಳಿಗ್ಗೆ ನೂರೊಂದು ಜ್ವರ ಇತ್ತು. "ಇವತ್ ಆಗಲ್ಲ ಅನ್ಸುತ್ತೆ ಅಪ್ಪಾ" ಎಂದಿದ್ದಳು. ಮಾತ್ರೆ ನುಂಗಿಸಿ ಸ್ಟೇಜಿನ ಮೇಲೆ ನಿಲ್ಲಿಸಿದೆ. ಚೀಲಕ್ಕೆ ಜೇನು ನಾನೇ ಹಾಕಿದೆ. ಮುಗಿದ ಮೇಲೆ ಸ್ಟೇಜಿನ ಹಿಂದೆ ಬಗ್ಗಿ ಕೆಮ್ಮುತ್ತಿದ್ದಳು — ಥೇಟ್ ನನ್ನಂತೆ.

ಡಿಸೆಂಬರ್ 5. ಬೆಳಿಗ್ಗೆ

ಕೆಮ್ಮಿಗೆಂದು ಮಾಡಿಸಿದ್ದ ನನ್ನ ಎದೆ ಸ್ಕ್ಯಾನಿನ ರಿಪೋರ್ಟ್ ಬಂತು. ಡಾಕ್ಟರ್ ಫಹ್ಮಿದಾ ಬಹಳ ಹೊತ್ತು ನೋಡಿದರು.

"ಶ್ವಾಸಕೋಶದಲ್ಲಿ ಕಲೆ ಕಟ್ಟಿದೆ. ಇದು ವಾಪಸ್ ಸರಿಹೋಗಲ್ಲ. ಮನೇಲಿ ಪಾರಿವಾಳ ಸಾಕಿದೀರಾ? ಅದರ ಧೂಳಿಂದ್ಲೂ ಹೀಗಾಗುತ್ತೆ."

ಇಲ್ಲ ಎಂದೆ.

"ಬೇರೆ ಊರಿಗೆ ಹೋದಾಗ ಕಮ್ಮಿಯಾಗುತ್ತಾ?"

ಬಾಗಲಕೋಟೆಯದು ಹೇಳಿದೆ. ಪೈಪಿನ ವಿಷಯವೂ ಬಂತು. ಅವರು ಪೆನ್ನು ಕೆಳಗಿಟ್ಟರು.

"ಆ ಚೀಲದ ಒಳಗಡೆ ಯಾವತ್ತಾದ್ರೂ ನೋಡಿದೀರಾ?"

ಅದೇ ದಿನ. 4 ಗಂಟೆ

ಕೊಯ್ದೆ. ಬ್ಲೇಡಿನಲ್ಲಿ, ಹೊಲಿಗೆಯ ಉದ್ದಕ್ಕೂ.

ಒಳಗೆಲ್ಲ ಬೂಸ್ಟು. ಕಪ್ಪು, ಹಸಿರು. ಕೆಟ್ಟ ಉಪ್ಪಿನಕಾಯಿ ಜಾಡಿಯ ಹಾಗೆ. ಹನ್ನೊಂದು ವರ್ಷ ಜೇನು ಕುಡಿಸಿ ಸಾಕಿದ್ದೇನೆ. ಅದನ್ನೇ ಒಳಗೆಳೆದುಕೊಂಡಿದ್ದೇನೆ.

ಗುರುಗಳೂ ಕೆಮ್ಮಿಯೇ ಹೋದರು. ಬೀಡಿ ಮುಟ್ಟಿದವರಲ್ಲ. ವಯಸ್ಸಾಯಿತು ಅಂದುಕೊಂಡೆವು ಎಲ್ಲರೂ. ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಅಂಜಲಿಗೆ ಗೊತ್ತಿತ್ತು. ವಾಸನೆ ಎಂದಳು, ತೊಳೆಯೋಣ ಎಂದಳು. ಬಾಯಿ ಮುಚ್ಚಿಸಿದವನು ನಾನು.

ಡಿಸೆಂಬರ್ 8, ಭಾನುವಾರ. ಬೆಳಿಗ್ಗೆ 7

ನಾಳೆ ಅಂಜಲಿಯ ಸ್ಕ್ಯಾನ್. ಸುಮ್ಮನೆ ಚೆಕಪ್ ಎಂದಿದ್ದೇನೆ. ಮೂರು ದಿನವಾಯಿತು, ನಿಜ ಹೇಳಲು ಬಾಯಿ ಬರುತ್ತಿಲ್ಲ. ಆಶಾರಾಣಿಗೂ ಹೇಳಿಲ್ಲ. ಕೊಯ್ದ ಚೀಲ ಪೆಟ್ಟಿಗೆಯಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ. ಹೇಡಿ ನಾನು.

ಈಗ ಕೆಳಗಿನಿಂದ ಅಂಜಲಿ ಕೂಗಿದಳು — "ಅಪ್ಪಾ, ಬೀಗ ಯಾಕ್ ಹಾಕಿದೀಯ? ಪೈಪ್ ಕೊಡು. ಹೊಸ ಜೇನು ತಂದಿದೀನಿ, ಗುರುಗಳಿಗೆ!" ನಗುತ್ತಿದ್ದಾಳೆ. ಟೆರೇಸಿಗೆ ಹತ್ತಿ ಬರುತ್ತಿದ್ದಾಳೆ. ಇವತ್ತು ಹೇಳಿಬಿಡುತ್ತೇನೆ. ಹೇಳಲೇಬೇಕು.

ಅರ್ಧ ಮೆಟ್ಟಿಲಿಗೇ ನಿಂತಳು. ಕೆಮ್ಮು. ಅದೊಂದು ನಿಲ್ಲಲಿ, ಹೇಳುತ್ತೇನೆ. ಕಾಯುತ್ತಿದ್ದೇನೆ. ಇನ್ನೂ