ಆನೆಯ ಮೇಲಲ್ಲ, ಆನೆಯಿಂದ

ಲೊಕ್ಕನಹಳ್ಳಿ

ಅರಣ್ಯ ಕಚೇರಿಯ ಸಾಹೇಬರಿಗೆ,

ಕೇತಮ್ಮನ ಮಗಳು ಮೀನಾ ಬರೆಯುತ್ತಿದ್ದೇನೆ. ರಾಗಿ ಹೊಲದಲ್ಲಿದ್ದ ನನ್ನ ಅವ್ವನನ್ನು ಆನೆ ಎತ್ತಿ ಎಸೆದು, ಸೊಂಟ ಮುರಿದಿದೆ. ನಿಮ್ಮ ಗುಮಾಸ್ತರು ಇಂಗ್ಲಿಷ್ ವರದಿಯಲ್ಲಿ ‘ಅಟ್ಯಾಕ್ ಬೈ ಎಲಿಫೆಂಟ್’ ಎನ್ನುವ ಬದಲು ‘ಅಟ್ಯಾಕ್ ಆನ್ ಎಲಿಫೆಂಟ್’ ಎಂದು ಬರೆದಿದ್ದಾರೆ. ಅಂದರೆ ಅವ್ವನೇ ಆನೆಯ ಮೇಲೆ ದಾಳಿ ಮಾಡಿದಳು ಎಂದಾಯಿತು!

ನಿನ್ನೆ ಗಾರ್ಡ್ ಬಂದು, ಮಲಗಿದ್ದವಳನ್ನೇ ವಿಚಾರಿಸಿದರು: “ಆನೆಗೆ ಯಾತ್ರಲ್ಲಿ ಒಡುದ್ಯಮ್ಮ?”

“ನಾನೆಲ್ಲಿ ಒಡುದ್ನಪ್ಪಾ? ಅದೇ ನನ್ನ ಎತ್ತಿ ಎಸೀತು ಕಣಪ್ಪಾ” ಎಂದು ಅವ್ವ ಅತ್ತಳು.

ಗುಮಾಸ್ತರಿಗೆ ಫೋನ್ ಮಾಡಿದರೆ, “ಒಂದು ಪದ ತಾನೇ, ಅದಕ್ಯಾಕಿಷ್ಟು ರಂಪ?” ಎಂದರು. ಆ ಒಂದು ಪದದಿಂದ ನನ್ನ ಅವ್ವ ಅಪರಾಧಿಯಾಗಿದ್ದಾಳೆ.

ವರದಿ ತಿದ್ದಿಸಿ, ನೀವೇ ತಂದು ಅವ್ವನಿಗೆ ಓದಿ ಹೇಳಿ. ನೀವು ಬಂದಾಗ ಅವಳು ಎದ್ದು ನಿಲ್ಲಲಾರಳು. ಅದನ್ನೂ ಅಪರಾಧವೆಂದು ಬರೆಯಬೇಡಿ.

ನಿಮ್ಮ ದಾರಿ ಕಾಯುವ,
ಮೀನಾ